ಟ್ಯೂಬ್‌ಲೈಟ್ ಬದಲಿಸುವ ಮುನ್ನ ಪಟ್ಟಿ ಬಿಚ್ಚಿ ನೋಡಿ

ಜೋಕ್ ಹೇಳಿ ಎರಡು ನಿಮಿಷ ಆದಮೇಲೆ ನಗುವ ಗೆಳೆಯನಿಗೆ ‘ಟ್ಯೂಬ್‌ಲೈಟ್’ ಎನ್ನುತ್ತೇವೆ. ಪಾಪ, ಟ್ಯೂಬ್‌ಲೈಟ್ ತಡ ಮಾಡುವುದಕ್ಕೂ ಕಾರಣವಿದೆ. ಸ್ವಿಚ್ ಹಾಕಿದಾಗ ಸ್ಟಾರ್ಟರ್ ಒಳಗಿನ ಲೋಹದ ತುಂಡು ಬಿಸಿಯಾಗಿ ಬಾಗಿ ಕೂಡಿಕೊಳ್ಳಬೇಕು, ಟ್ಯೂಬಿನ ಎರಡೂ ತುದಿಯ ಫಿಲಮೆಂಟ್ ಕಾಯಬೇಕು, ಆಮೇಲೆ ಸ್ಟಾರ್ಟರ್ ಬಿಟ್ಟುಕೊಂಡ ಕ್ಷಣದಲ್ಲಿ ಚೋಕ್ ಹೆಚ್ಚು ವೋಲ್ಟೇಜಿನ ಏಟು ಕೊಡಬೇಕು. ಮೊದಲ ಏಟಿಗೆ ಹತ್ತದಿದ್ದರೆ ಮತ್ತೆ ಮಿಣಕ್ ಮಿಣಕ್.

ಆರ್‌.ಟಿ. ನಗರ, ಯಶವಂತಪುರದ ಹಳೆಯ ಬಾಡಿಗೆ ಮನೆಗಳಲ್ಲಿ ಈ ಮಿಣಕ್ ಇನ್ನೂ ಉಳಿದಿದೆ. ನಾವು ನಾಲ್ವರು ಬಿಇ ಹುಡುಗರು ಹಂಚಿಕೊಂಡಿರುವ ಮನೆಯಲ್ಲೂ ಮೂರು ಟ್ಯೂಬ್‌ಗಳಿದ್ದವು. ‘ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಫ್ರೀ, ಬದಲಿಸೋದು ಯಾಕಪ್ಪಾ?’ ಎಂದರು ಓನರ್ ಆಂಟಿ. ಆದರೆ ಫ್ರೀಗೂ ಲೆಕ್ಕವಿದೆ. ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಇಟ್ಟಿದ್ದಾರೆ. ಅದು ದಾಟಿದಷ್ಟು ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ನಾಲ್ಕು ಲ್ಯಾಪ್‌ಟಾಪ್ ಇರುವ ಮನೆಯಲ್ಲಿ ಮಿತಿ ದಾಟುವುದು ಕಷ್ಟವೇನಲ್ಲ.

40 ವ್ಯಾಟ್ ಟ್ಯೂಬ್ ಎಂದು ಬರೆದಿದ್ದರೂ ಹಳೆಯ ಕಬ್ಬಿಣದ ಚೋಕ್ ಸೇರಿದರೆ ಅದು ಎಳೆಯುವುದು 50 ವ್ಯಾಟ್‌ಗಿಂತ ಹೆಚ್ಚು. ಅದೇ ನಾಲ್ಕಡಿಯ ಎಲ್‌ಇಡಿ ಟ್ಯೂಬ್‌ಗೆ 20 ವ್ಯಾಟ್ ಸಾಕು. ಒಂದಕ್ಕೆ 30 ವ್ಯಾಟ್ ಉಳಿಯಿತು ಎಂದುಕೊಳ್ಳಿ. ದಿನಕ್ಕೆ ಆರು ಗಂಟೆಯಂತೆ ಮೂರು ಟ್ಯೂಬ್‌ಗೆ ತಿಂಗಳಿಗೆ ಸುಮಾರು 16 ಯೂನಿಟ್. ಪರೀಕ್ಷೆಯ ತಿಂಗಳಲ್ಲಿ ಇನ್ನೂ ಜಾಸ್ತಿ, ನಮ್ಮ ರೂಮಲ್ಲಿ ಲೈಟ್ ಆರುವುದೇ ಬೆಳಗಿನ ಜಾವ.

ಇಲ್ಲಿವರೆಗೆ ಸುಲಭ. ಎಡವುವುದು ಹಳೆಯ ಪಟ್ಟಿಗೇ ಹೊಸ ಟ್ಯೂಬ್ ಸಿಕ್ಕಿಸುವಾಗ. ಅಂಗಡಿಯಲ್ಲಿ ಒಂದೇ ಥರ ಕಾಣುವ ಎಲ್‌ಇಡಿ ಟ್ಯೂಬ್‌ಗಳ ವೈರಿಂಗ್ ಒಂದೇ ಅಲ್ಲ. ಕೆಲವಕ್ಕೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಯ ಎರಡು ಪಿನ್‌ಗೆ. ಕೆಲವಕ್ಕೆ ಒಂದು ತುದಿಗೆ ಫೇಸ್, ಇನ್ನೊಂದಕ್ಕೆ ನ್ಯೂಟ್ರಲ್. ಇವೆರಡಕ್ಕೂ ಚೋಕ್, ಸ್ಟಾರ್ಟರ್ ತೆಗೆದು ನೇರ ವೈರ್ ಕೊಡಬೇಕು. ಮೂರನೇ ಬಗೆ ಕಬ್ಬಿಣದ ಚೋಕ್ ಇದ್ದಂತೆಯೇ ಕೆಲಸ ಮಾಡುತ್ತದೆ. ಅದರ ಡಬ್ಬಿಯಲ್ಲಿ ಬರುವ ಹೊಸ ಸ್ಟಾರ್ಟರನ್ನೇ ಹಾಕಬೇಕು. ನೋಡಲು ಸ್ಟಾರ್ಟರ್, ಒಳಗಿರುವುದು ಬರೀ ಫ್ಯೂಸ್. ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಚೋಕ್ ಇದ್ದರೆ ಈ ಮೂರನೆಯದನ್ನು ನಂಬಬೇಡಿ. ಯಾವುದು ಎಂಬುದು ಡಬ್ಬಿಯ ಮೇಲಿನ ಪುಟ್ಟ ಚಿತ್ರದಲ್ಲಿರುತ್ತದೆ. ನಾವು ಬಿಸಾಡುವುದು ಮೊದಲು ಅದನ್ನೇ!

ಎರಡು ತುದಿಗೂ ಕರೆಂಟ್ ಬೇಕಾದ ಟ್ಯೂಬ್ ಸ್ವಲ್ಪ ಅಪಾಯಕಾರಿ. ಕರೆಂಟ್ ಇರುವಾಗ ಒಂದು ತುದಿ ಹೋಲ್ಡರ್‌ಗೆ ಕೂತಿದ್ದು, ಇನ್ನೊಂದು ತುದಿಯ ಪಿನ್ ಕೈಗೆ ತಾಗಿದರೆ ಟ್ಯೂಬ್ ಮೂಲಕವೇ ಶಾಕ್ ಹೊಡೆಯಬಹುದು. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುವುದುಂಟು. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಅಣ್ಣನನ್ನೇ ಕರೆಯಿರಿ. ನನ್ನ ಕೇಳಿದರೆ, ಪಟ್ಟಿಯ ಹೋಲ್ಡರ್ ಹಳದಿಯಾಗಿ ಬಿರುಕು ಬಿಟ್ಟಿದ್ದರೆ ಟ್ಯೂಬ್ ಒಂದನ್ನೇ ಬದಲಿಸುವ ಗೋಜಿಗೇ ಹೋಗಬಾರದು, ಪಟ್ಟಿ ಸಮೇತ ಬರುವ ಎಲ್‌ಇಡಿ ಸೆಟ್ ತರುವುದು ವಾಸಿ.

ವೈರಿಂಗ್ ಬದಲಿಸಿದ ಪಟ್ಟಿಯ ಮೇಲೆ ‘ಎಲ್‌ಇಡಿ ಮಾತ್ರ’ ಎಂದು ಒಂದು ಚೀಟಿ ಅಂಟಿಸಿ. ಬಾಡಿಗೆ ಮನೆಯಲ್ಲಿ ಇದು ಬಹಳ ಮುಖ್ಯ. ನಾವು ಖಾಲಿ ಮಾಡಿದ ಮೇಲೆ ಬರುವವರು ಹಳೆಯ ಟ್ಯೂಬ್ ಸಿಕ್ಕಿಸಿದರೆ, ಚೋಕ್ ಇಲ್ಲದ್ದರಿಂದ ಅದರ ಫಿಲಮೆಂಟ್‌ಗೆ ನೇರ 230 ವೋಲ್ಟ್ ಬೀಳಬಹುದು.

2023ರಲ್ಲಿ ಜಿನೀವಾದಲ್ಲಿ ಸೇರಿದ ಮಿನಮಾಟಾ ಒಪ್ಪಂದದ ದೇಶಗಳು 2027ರೊಳಗೆ ಫ್ಲೋರೆಸೆಂಟ್ ಟ್ಯೂಬ್‌ಗಳ ತಯಾರಿಕೆ, ಆಮದು, ರಫ್ತು ನಿಲ್ಲಿಸಲು ಒಪ್ಪಿವೆ. ಭಾರತವೂ ಆ ಒಪ್ಪಂದದಲ್ಲಿದೆ. ಕಾರಣ ಒಳಗಿನ ಪಾದರಸ. ಹಾಗಾಗಿ ತೆಗೆದ ಟ್ಯೂಬನ್ನು ಖಾಲಿ ಸೈಟಿಗೆ ಎಸೆದು ‘ಢಂ’ ಅನ್ನಿಸುವ ಹುಚ್ಚು ಬೇಡ. ಪೇಪರ್‌ನಲ್ಲಿ ಸುತ್ತಿ, ಕಸದ ಆಟೋ ಬಂದಾಗ ಬೇರೆಯಾಗಿ, ಹೇಳಿ ಕೊಡಿ. ಬಿಚ್ಚಿದ ಚೋಕ್ ಮಾತ್ರ ಇಟ್ಟುಕೊಳ್ಳಿ; ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ, ಮೂರು ಚೋಕ್‌ಗೆ ನಾಲ್ಕು ಜನರ ಟೀ ಖರ್ಚು ಹುಟ್ಟುತ್ತದೆ.