ತಾವಾಗಿ ಬರೆದುಕೊಟ್ಟ ತಪ್ಪುಗಳನ್ನು ಓದುವವರು

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಹೊರಟರೆ ಶ್ರೀನಿವಾಸ ಸರಡಗಿಯ ಹತ್ತಿರ, ತೊಗರಿ ಹೊಲಗಳ ಸೀಮೆಯಲ್ಲಿ ನಮ್ಮ ವಿಮಾನ ನಿಲ್ದಾಣ. 2008ರಲ್ಲಿ ಅಡಿಗಲ್ಲು ಹಾಕಿಸಿಕೊಂಡು, ವರ್ಷಗಟ್ಟಲೆ ಕಾದು, ಕೊನೆಗೆ 2019ರ ನವೆಂಬರ್ 22ರಂದು ಬೆಂಗಳೂರಿನಿಂದ ಬಂದ ಸ್ಟಾರ್ ಏರ್ ವಿಮಾನದೊಂದಿಗೆ ಬಾಗಿಲು ತೆರೆಯಿತು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ವಿಮಾನ ಸೇವೆ ಮಾತ್ರ ಏರುಪೇರಾಗುತ್ತಲೇ ಬಂದಿದೆ; ದಿನಕ್ಕೆ ಒಂದೆರಡು ವಿಮಾನ ಬಂದರೆ ನಮಗೆ ಅದೇ ಹೆಚ್ಚು. ಕಮಲಾಪುರದ ಕೆಂಪು ಬಾಳೆಯ ಗೊನೆ ಕಟ್ಟಿಕೊಂಡು ಮಗಳ ಮನೆಗೆ ಹೊರಟವರಿಗೆ ಪೈಲಟ್ ಕಾಣುತ್ತಾನೆ, ಗಗನಸಖಿ ಕಾಣುತ್ತಾಳೆ, ಬ್ಯಾಗು ತಪಾಸಣೆ ಮಾಡುವ ಪೊಲೀಸರು ಕಾಣುತ್ತಾರೆ. ಆ ಪ್ರಯಾಣ ಸುರಕ್ಷಿತವಾಗಿ ಮುಗಿಯುವುದರಲ್ಲಿ ದೊಡ್ಡ ಪಾಲಿರುವ ಇನ್ನೊಬ್ಬರು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಸರ್ಕಾರದ ಸುರಕ್ಷತಾ ಅಧಿಕಾರಿ. ಅವರ ಕೆಲಸಗಳಲ್ಲೆಲ್ಲ ನನಗೆ ಹೆಚ್ಚು ಗೌರವ ಇರುವುದು ಒಂದರ ಮೇಲೆ: ವಿಮಾನ ನಡೆಸುವವರು, ರಿಪೇರಿ ಮಾಡುವವರು, ನಿಯಂತ್ರಣ ಗೋಪುರದಲ್ಲಿ ಕುಳಿತವರು ತಾವಾಗಿ ಬರೆದು ಕಳಿಸುವ ವರದಿಗಳನ್ನು ಓದಿ, ಅದರ ಮೇಲೆ ಏನು ಮಾಡಬೇಕೆಂದು ತೀರ್ಮಾನಿಸುವ ಕೆಲಸ.

ನಮ್ಮಲ್ಲಿ ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಎಲ್ಲರ ಬಾಯಲ್ಲಿರುವ ಡಿಜಿಸಿಎಯ ಹೊಣೆ. ಅಪಘಾತವಾದರೆ, ಗಂಭೀರ ಘಟನೆ ನಡೆದರೆ ವರದಿ ಕೊಡುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆ. ಸ್ವಯಂಪ್ರೇರಿತ ವರದಿಯ ದಾರಿ ಬೇರೆ. ಅಲ್ಲಿ ಏನೂ ಆಗಿರುವುದಿಲ್ಲ, ಆಗಬಹುದಾಗಿತ್ತು ಅಷ್ಟೆ. ಮುಂಗಾರಿನ ಉಳುಮೆ ಶುರುವಾದ ಮೇಲೆ ರನ್‌ವೇ ಬೇಲಿಯಾಚೆ ಬೆಳ್ಳಕ್ಕಿಗಳ ಹಿಂಡು ಸೇರುತ್ತಿದೆ ಎಂದು ಒಬ್ಬ ನೌಕರ ಬರೆಯಬಹುದು. ಎತ್ತರದ ಅಂಕಿಯನ್ನು ತಪ್ಪಾಗಿ ಕೇಳಿಸಿಕೊಂಡೆ, ಜೊತೆಯ ಪೈಲಟ್ ತಿದ್ದಿದರು ಎಂದು ಇನ್ನೊಬ್ಬರು ಬರೆಯಬಹುದು. ಬರೆಯದಿದ್ದರೆ ಕೇಳುವವರು ಯಾರೂ ಇಲ್ಲ. ಹಾಗಿದ್ದೂ ಬರೆಯುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2013ರ ನವೆಂಬರ್‌ನಿಂದ ಜಾರಿಗೆ ತಂದ 19ನೆಯ ಅನುಬಂಧ ಇಂಥ ವ್ಯವಸ್ಥೆ ಪ್ರತಿ ದೇಶದಲ್ಲೂ ಇರಬೇಕು, ಬರೆದವರಿಗೆ ರಕ್ಷಣೆ ಸಿಗಬೇಕು ಎನ್ನುತ್ತದೆ. ನಿಯಮ ಬರೆಯುವುದು ಸುಲಭ. ಬರೆಯುವವರಿಗೆ ಧೈರ್ಯ ಬರುವುದು ಓದುವವರ ನಡತೆಯಿಂದ.

ತೊಗರಿಗೆ ನೆಟೆ ರೋಗ ಬಿದ್ದಾಗ ಮೊದಲು ಒಂದೋ ಎರಡೋ ಗಿಡ ಬಾಡುತ್ತವೆ. ಅನುಭವದ ರೈತ ಆ ಗಿಡ ಕಿತ್ತು ಬಿಸಾಕಿ ಸುಮ್ಮನಾಗುವುದಿಲ್ಲ. ರೋಗ ಮಣ್ಣಿನಲ್ಲಿದೆ ಎಂದು ಅವನಿಗೆ ಗೊತ್ತು. ಒಳ್ಳೆಯ ಅಧಿಕಾರಿ ಓದುವುದೂ ಹೀಗೇ. ಇವತ್ತಿನ ವಿಮಾನಗಳಲ್ಲಿ ಯಂತ್ರವೇ ಎಲ್ಲವನ್ನೂ ದಾಖಲಿಸುತ್ತದೆ: ವೇಗ, ಎತ್ತರ, ಎಂಜಿನ್ನಿನ ಒತ್ತಡ, ಚಕ್ರ ನೆಲ ಮುಟ್ಟಿದ ರಭಸ. ಇಳಿಯುವಾಗ ವೇಗ ಹೆಚ್ಚಿತ್ತು ಎಂದು ಯಂತ್ರ ಹೇಳುತ್ತದೆ. ಯಾಕೆ ಹೆಚ್ಚಿತ್ತು? ನಿದ್ದೆ ಸಾಲದೆಯೋ, ಮುಂದಿನ ಹಾರಾಟಕ್ಕೆ ತಡವಾಗುತ್ತದೆಂಬ ಅವಸರವೋ, ಗೋಪುರದಿಂದ ಬಂದ ಸೂಚನೆ ಅರ್ಥವಾಗದೆಯೋ? ಅದನ್ನು ಹೇಳಬಲ್ಲವನು ಆ ಕುರ್ಚಿಯಲ್ಲಿ ಕುಳಿತಿದ್ದ ಮನುಷ್ಯ ಮಾತ್ರ.

ಈ ಪದ್ಧತಿ ಬಂದದ್ದು ದೊಡ್ಡ ಬೆಲೆ ತೆತ್ತ ಮೇಲೆ. 1974ರ ಡಿಸೆಂಬರ್ 1ರಂದು ಅಮೆರಿಕದ ಟಿಡಬ್ಲ್ಯುಎ ಸಂಸ್ಥೆಯ 514ನೆಯ ಸಂಖ್ಯೆಯ ವಿಮಾನ ವಾಷಿಂಗ್ಟನ್ ಹತ್ತಿರದ ಡಲ್ಲಸ್ ನಿಲ್ದಾಣಕ್ಕೆ ಇಳಿಯಲು ಬರುತ್ತ, ವರ್ಜೀನಿಯಾದ ಮೌಂಟ್ ವೆದರ್ ಬೆಟ್ಟಕ್ಕೆ ಬಡಿದು ಒಳಗಿದ್ದ 92 ಮಂದಿಯೂ ಸತ್ತರು. ಇಳಿಯಲು ಅನುಮತಿ ಸಿಕ್ಕಿದೆ ಎಂದರೆ ಈಗಲೇ ಕೆಳಕ್ಕೆ ಬರಬಹುದು ಎಂದು ಪೈಲಟ್‌ಗಳು ತಿಳಿದಿದ್ದರು. ಎದೆ ಹಿಂಡುವ ಸಂಗತಿ ಹೊರಬಿದ್ದದ್ದು ಆಮೇಲೆ. ಸುಮಾರು ಆರು ವಾರ ಮುಂಚೆ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅದೇ ಗೊಂದಲದಿಂದ ಅದೇ ಬೆಟ್ಟಕ್ಕೆ ತಗಲುವುದರಿಂದ ಸ್ವಲ್ಪದರಲ್ಲಿ ಪಾರಾಗಿತ್ತು. ಆ ಪೈಲಟ್‌ಗಳು ತಮ್ಮ ಸಂಸ್ಥೆಗೆ ವರದಿ ಕೊಟ್ಟಿದ್ದರು, ಸಂಸ್ಥೆ ತನ್ನ ಪೈಲಟ್‌ಗಳನ್ನೆಲ್ಲ ಎಚ್ಚರಿಸಿತ್ತು. ಪಕ್ಕದ ಸಂಸ್ಥೆಗೆ ಆ ಮಾತು ಹೋಗಲೇ ಇಲ್ಲ. ಹೋಗಲು ದಾರಿಯೇ ಇರಲಿಲ್ಲ.

ಮರುವರ್ಷ ಅಮೆರಿಕದ ವಿಮಾನಯಾನ ಇಲಾಖೆ ವರದಿಗಳನ್ನು ತಾನೇ ಕರೆಯಿತು. ಲೈಸೆನ್ಸ್ ಕಿತ್ತುಕೊಳ್ಳುವ ಕೈಗೇ ತಪ್ಪೊಪ್ಪಿಗೆ ಕೊಡುವಷ್ಟು ನಂಬಿಕೆ ಜನಕ್ಕೆ ಬರಲಿಲ್ಲ. ಹಾಗಾಗಿ 1976ರಲ್ಲಿ ಆ ಕೆಲಸವನ್ನು ಬಾಹ್ಯಾಕಾಶ ಸಂಸ್ಥೆ ನಾಸಾಗೆ ಒಪ್ಪಿಸಲಾಯಿತು. ನಾಸಾ ವರದಿಯಿಂದ ಹೆಸರಿನ ಭಾಗವನ್ನು ಬೇರ್ಪಡಿಸಿ, ದಿನಾಂಕದ ಮುದ್ರೆ ಒತ್ತಿ, ಬರೆದವರಿಗೇ ವಾಪಸು ಕಳಿಸುತ್ತದೆ. ಅಲ್ಲಿಗೆ ಬಂದ ವರದಿಗಳ ಸಂಖ್ಯೆ ಇಂದು 20 ಲಕ್ಷ ದಾಟಿದೆ.

1990ರ ದಶಕದಲ್ಲಿ ಅಮೆರಿಕದಲ್ಲೇ ಇನ್ನೊಂದು ಹೆಜ್ಜೆ ಇಟ್ಟರು. ನನ್ನ ಮಟ್ಟಿಗೆ ಇದೇ ಹೆಚ್ಚು ಕಠಿಣವಾದದ್ದು. ವಿಮಾನ ಸಂಸ್ಥೆಯಲ್ಲಿ ಮೂವರ ಸಮಿತಿ: ಆಡಳಿತದವರೊಬ್ಬರು, ನೌಕರರ ಸಂಘದವರೊಬ್ಬರು, ಸರ್ಕಾರದ ಇನ್‌ಸ್ಪೆಕ್ಟರ್ ಒಬ್ಬರು. ಪ್ರತಿ ವರದಿಯನ್ನೂ ಒಟ್ಟಿಗೆ ಓದಬೇಕು, ತೀರ್ಮಾನಕ್ಕೆ ಮೂವರೂ ಒಪ್ಪಬೇಕು. ಇಬ್ಬರು ಸೇರಿ ಮೂರನೆಯವರನ್ನು ಮತದಿಂದ ಸೋಲಿಸುವಂತಿಲ್ಲ. ಕುಡಿದು ಕೆಲಸ ಮಾಡಿದ್ದು, ಮಾದಕ ವಸ್ತು, ಅಪರಾಧ, ಬೇಕೆಂದೇ ಬರೆದ ಸುಳ್ಳು ಇವಕ್ಕೆ ರಕ್ಷಣೆ ಇಲ್ಲ. ಉಳಿದಂತೆ ದಂಡದ ಬದಲು ತರಬೇತಿ, ತಿದ್ದುಪಡಿ. ಆ ಇನ್‌ಸ್ಪೆಕ್ಟರ್‌ನ ಜೇಬಿನಲ್ಲಿ ಶಿಕ್ಷೆಯ ಅಧಿಕಾರ ಹಾಗೇ ಇರುತ್ತದೆ. ಅದನ್ನು ಇಟ್ಟುಕೊಂಡೇ ಬಳಸದೆ ಕೂರುವುದು ಅವನ ಕಸುಬು. ನಮ್ಮ ಡಿಜಿಸಿಎಗೂ ಇದೇ ಇಬ್ಬಗೆಯ ಹೊಣೆ. 2020ರ ಕಾಯ್ದೆ ತಿದ್ದುಪಡಿಯಿಂದ ಅದಕ್ಕೆ ಶಾಸನಬದ್ಧ ಸ್ಥಾನ ಬಂತು, ಬಲ ಹೆಚ್ಚಿತು. ಬಲ ಹೆಚ್ಚಿದಷ್ಟೂ ವರದಿ ಓದುವ ಈ ಮೇಜಿನ ಮುಂದೆ ಕೂತವರಿಗೆ ತಾಳ್ಮೆ ಹೆಚ್ಚು ಬೇಕಾಗುತ್ತದೆ.

ಆ ತಾಳ್ಮೆ ಹೇಗಿರುತ್ತದೆಂದು ನೋಡಲು ಒಂದು ವರದಿಯನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಪಾಳಿಯ ತಂತ್ರಜ್ಞನೊಬ್ಬ ಚಕ್ರ ಬದಲಿಸುವ ಕೆಲಸ ಮುಗಿಸಿದ್ದಾನೆ. ಬೆಳಗಿನ ಜಾವ ವಿಮಾನ ಹೊರಡಬೇಕು. ಪೆಟ್ಟಿಗೆ ಮುಚ್ಚುವಾಗ ಒಂದು ಸ್ಕ್ರೂಡ್ರೈವರ್ ಕಡಿಮೆ. ಹುಡುಕಿದರೆ ಚಕ್ರ ಮಡಚಿಕೊಳ್ಳುವ ಗೂಡಿನೊಳಗೆ, ಪೈಪುಗಳ ಸಂದಿಯಲ್ಲಿ ಸಿಕ್ಕಿತು. ಯಾರೂ ನೋಡಿರಲಿಲ್ಲ. ಅವನು ವರದಿ ಬರೆದ. ಮೊದಲ ಸಾಲು: ‘ಇದು ನನ್ನ ಅಜಾಗರೂಕತೆ.’

ಅವಸರದ ಅಧಿಕಾರಿ ಆ ಸಾಲಿಗೆ ಅಡಿಗೆರೆ ಎಳೆದು ಕಡತ ಮುಚ್ಚುತ್ತಾನೆ. ತಪ್ಪಿತಸ್ಥ ಸಿಕ್ಕ, ತಪ್ಪೂ ಒಪ್ಪಿಕೊಂಡ. ಕಸುಬು ಬಲ್ಲವರು ಆ ಸಾಲನ್ನು ದಾಟಿ ಮುಂದೆ ಹೋಗುತ್ತಾರೆ. ಪಾಳಿ ಶುರುವಾಗಿ ಎಷ್ಟು ತಾಸಾಗಿತ್ತು? ಆ ರಾತ್ರಿ ಅವನ ಕೈಯಲ್ಲಿ ಎಷ್ಟು ವಿಮಾನಗಳಿದ್ದವು? ಗೂಡಿನೊಳಗೆ ಬೆಳಕು ಬೀಳುತ್ತಿತ್ತೇ, ಅಥವಾ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡಿದನೇ? ಪೆಟ್ಟಿಗೆಯಲ್ಲಿ ಪ್ರತಿ ಉಪಕರಣಕ್ಕೂ ಅದರದೇ ಆಕಾರದ ಖಾಲಿ ಜಾಗ ಇದೆಯೇ, ಇದ್ದರೆ ಕಡಿಮೆಯಾದದ್ದು ತಟ್ಟನೆ ಕಾಣುತ್ತದಲ್ಲ? ಕೆಲಸದ ನಡುವೆ ಯಾರಾದರೂ ಫೋನ್ ಮಾಡಿ ಬೇರೆ ವಿಮಾನದ ಹತ್ತಿರ ಕರೆದರೇ? ಈ ಪ್ರಶ್ನೆಗಳನ್ನು ಕೇಳುವ ದನಿಯೂ ಮುಖ್ಯ. ವಿಚಾರಣೆಯ ವಾಸನೆ ಬಂದರೆ ಉತ್ತರ ಒಂದೊಂದೇ ಪದಕ್ಕೆ ಇಳಿಯುತ್ತದೆ. ‘ಆವಾಗ ಏನ್ ಆತ್ರಿ, ಸಮಾಧಾನದಿಂದ ಹೇಳ್ರಿ’ ಎಂದು ಕೇಳಿ, ಆಮೇಲೆ ತಾವು ಬಾಯಿ ಮುಚ್ಚಿಕೊಂಡು ಕೂರಬೇಕು. ಆಗ ಹೊರಬರುವ ಸಂಗತಿಯೇ ಬೇರೆ: ಉಪಕರಣದ ಲೆಕ್ಕ ಒಪ್ಪಿಸಿಕೊಂಡು ರುಜು ಹಾಕಬೇಕಾದ ಮೇಲ್ವಿಚಾರಕನ ಹುದ್ದೆ ತಿಂಗಳುಗಳಿಂದ ಖಾಲಿ ಇದೆ, ರುಜುವನ್ನು ತಂತ್ರಜ್ಞನೇ ಹಾಕುತ್ತಿದ್ದಾನೆ. ಸಿಕ್ಕ ಸ್ಕ್ರೂಡ್ರೈವರ್ ಒಂದು. ಸಿಗದೆ ಹಾರಿಹೋದವು ಎಷ್ಟು ಎಂಬ ಪ್ರಶ್ನೆ ಈಗ ಏಳುತ್ತದೆ. ಅಧಿಕಾರಿಯ ನಿಜವಾದ ಕೆಲಸ ಇಲ್ಲಿಂದ ಶುರು.

ಮುಂದಿನದು ಹೆಸರು ಮರೆಮಾಡುವ ಕೆಲಸ. ದೊಡ್ಡ ನಿಲ್ದಾಣದ ವರದಿಯಾದರೆ ಹೆಸರು, ವಿಮಾನದ ಸಂಖ್ಯೆ, ದಿನಾಂಕ ಅಳಿಸಿದರೆ ಸಾಕು. ಕಲಬುರಗಿಯಂಥ ಕಡೆಯಿಂದ ಬಂದರೆ? ದಿನಕ್ಕೆ ಒಂದೆರಡು ವಿಮಾನ ಇಳಿದರೆ ಹೆಚ್ಚು ಎನ್ನುವಲ್ಲಿ ಊರಿನ ಹೆಸರು ಹೇಳಿದರೆ ಮನುಷ್ಯನ ಹೆಸರು ಹೇಳಿದಂತೆಯೇ. ರಾತ್ರಿ ಪಾಳಿ ಎಂದರೂ ಗೊತ್ತಾಗುತ್ತದೆ, ತೊಗರಿ ಹೊಲ ಎಂದರೂ ಗೊತ್ತಾಗುತ್ತದೆ. ಅಧಿಕಾರಿ ಒಂದೊಂದೇ ಗುರುತು ತೆಗೆಯುತ್ತ ಹೋಗಬೇಕು. ಹಾಗೆಂದು ಎಲ್ಲವನ್ನೂ ತೆಗೆದರೆ ಪಾಠವೂ ಹೋಗುತ್ತದೆ. ಬೆಳ್ಳಕ್ಕಿಯ ಎಚ್ಚರಿಕೆಯಲ್ಲಿ ಹೊಲ, ಉಳುಮೆ, ಮುಂಗಾರು ಇಲ್ಲದಿದ್ದರೆ ಇನ್ನೊಂದು ಊರಿನವರಿಗೆ ಅದರಿಂದ ಏನು ಉಪಯೋಗ? ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ಈ ಸೂಕ್ಷ್ಮವನ್ನು ಯಾವ ಕೈಪಿಡಿಯೂ ಪೂರ್ತಿ ಕಲಿಸಲಾರದು.

ನಮ್ಮ ಸಮಾಜದಲ್ಲಿ ಇದಕ್ಕೆ ಎದುರಾಗುವ ಅಡ್ಡಿ ಇನ್ನೂ ಹಳೆಯದು. ಕಲಬುರಗಿಯ ಕೋಟನೂರಿನ ನಮ್ಮ ಓಣಿಯಲ್ಲಿ ದಿನಾ ಕಿವಿಗೆ ಬೀಳುವ ಮಾತು, ‘ನಮಗ್ಯಾಕ್ ಬೇಕ್ರಿ ಇಲ್ಲದ ಉಸಾಬರಿ.’ ದೊಡ್ಡವರ ಎದುರು ಮಾತಾಡಬಾರದೆಂದು ಹೇಳಿಸಿಕೊಂಡು ಬೆಳೆದ ಮಕ್ಕಳೇ ಮುಂದೆ ಸಹ ಪೈಲಟ್ ಆಗುತ್ತಾರೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ 158 ಮಂದಿ ಸತ್ತರು, ಉಳಿದವರು ಎಂಟೇ ಜನ. ಇಳಿಯುವುದು ಬೇಡ, ಮೇಲಕ್ಕೆ ಏರಿ ಮತ್ತೆ ಬರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು ಎಂಬುದು ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ವಿಚಾರಣಾ ವರದಿಯಲ್ಲಿದೆ. ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲೂ ವಿಮಾನ ರನ್‌ವೇ ದಾಟಿ ಬಿದ್ದು 21 ಮಂದಿ ಸತ್ತರು. ಅಲ್ಲೂ ಸಹ ಪೈಲಟ್‌ನ ಅದೇ ಮಾತು ನಡೆಯಲಿಲ್ಲ. ಆ ಕೊನೆಯ ಕ್ಷಣದಲ್ಲಿ ಹೊರಗಿನ ಯಾವ ಅಧಿಕಾರಿಯೂ ಏನೂ ಮಾಡಲಾರ. ಆದರೆ ಸುರಕ್ಷಿತವಾಗಿ ಮುಗಿದ ಸಾವಿರ ಹಾರಾಟಗಳ ನಡುವೆ ‘ಇವತ್ತು ಕ್ಯಾಪ್ಟನ್ ನನ್ನ ಮಾತು ಕೇಳಲಿಲ್ಲ’ ಎಂದು ಒಬ್ಬ ಕಿರಿಯ ಅಂಜದೆ ಬರೆಯುವಂತಿದ್ದರೆ, ಆ ರೂಢಿಯನ್ನು ಮುಂಚೆಯೇ ಹಿಡಿಯಬಹುದು.

ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 2022ರ ಜನವರಿಯಲ್ಲಿ ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ಇಂಡಿಗೋ ವಿಮಾನಗಳು ಕೆಂಪೇಗೌಡ ನಿಲ್ದಾಣದ ಸಮಾನಾಂತರ ರನ್‌ವೇಗಳಿಂದ ಹೆಚ್ಚುಕಡಿಮೆ ಒಟ್ಟಿಗೇ ಮೇಲೆದ್ದು ಹತ್ತಿರ ಹತ್ತಿರ ಬಂದವು. ಒಂದು ರನ್‌ವೇಯನ್ನು ಮುಚ್ಚುವ ತೀರ್ಮಾನ ಒಂದು ಗೋಪುರದ ನಿಯಂತ್ರಕರಿಗೆ ತಲುಪಿರಲಿಲ್ಲ. ರಾಡಾರ್ ನೋಡುತ್ತಿದ್ದ ನಿಯಂತ್ರಕರು ಎರಡನ್ನೂ ಬೇರೆ ದಿಕ್ಕಿಗೆ ತಿರುಗಿಸಿ ಅನಾಹುತ ತಪ್ಪಿಸಿದರು. ಇಷ್ಟು ದೊಡ್ಡ ಘಟನೆ ಆಗ ಯಾವ ದಿನಚರಿ ಪುಸ್ತಕದಲ್ಲೂ ದಾಖಲಾಗಲಿಲ್ಲ; ಡಿಜಿಸಿಎ ತಾನೇ ಪತ್ತೆ ಹಚ್ಚಬೇಕಾಯಿತು. ವರದಿ ಕಡ್ಡಾಯವಿದ್ದಲ್ಲೇ ಹೀಗಾದರೆ, ಮನಸ್ಸಿದ್ದರೆ ಕೊಡಿ ಎನ್ನುವಲ್ಲಿ ಎಷ್ಟು ನಂಬಿಕೆ ಬೆಳೆಸಬೇಕು!

ಅದಕ್ಕೇ ಈ ಅಧಿಕಾರಿಗಳು ವಿಮಾನ ಸಂಸ್ಥೆಯ ಒಳಗಿನ ವರದಿ ವ್ಯವಸ್ಥೆಯನ್ನೂ ತಪಾಸಣೆ ಮಾಡುತ್ತಾರೆ. ವರದಿ ಕಡಿಮೆ ಬಂದಿದೆ ಎಂದು ಸಂಸ್ಥೆ ಹೆಮ್ಮೆಯಿಂದ ತೋರಿಸಿದರೆ ಅವರ ಹುಬ್ಬು ಮೇಲೇರುತ್ತದೆ. ಪೈಲಟ್‌ಗಳಿಂದ ಬಂದಿವೆ, ಸಾಮಾನು ಏರಿಸುವ ಹುಡುಗರಿಂದ ಒಂದೂ ಬಂದಿಲ್ಲ ಎಂದರೆ, ಆ ಹುಡುಗರಿಗೆ ಅರ್ಥವಾಗುವ ಭಾಷೆಯಲ್ಲಿ ನಮೂನೆ ಇದೆಯೇ ಎಂದು ನೋಡಬೇಕು. ಕಲಬುರಗಿಯಲ್ಲಿ ಅದು ಕನ್ನಡದಲ್ಲೂ ಇರಬೇಕು ಎನ್ನುವುದು ನನ್ನ ಒತ್ತಾಯ. ಕಚೇರಿಯಲ್ಲಿ ಚಹಾ ಕುಡಿದು ಕಡತ ನೋಡಿ ಹೋಗುವವರಿಗೆ ಇದು ತಿಳಿಯದು. ಪಾಳಿ ಬದಲಾಗುವ ಹೊತ್ತಿಗೆ ಹ್ಯಾಂಗರಿಗೆ ಹೋಗಿ ನಿಲ್ಲಬೇಕು.

ಬೆಳಗಾವಿ, ಕಲಬುರಗಿ ಸೇರಿ ದೇಶದ ಕೆಲವು ನಿಲ್ದಾಣಗಳನ್ನು 2021ರಲ್ಲಿ ಪೈಲಟ್ ತರಬೇತಿಗೆ ಆರಿಸಲಾಯಿತು. ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ಒಂಟಿಯಾಗಿ ಹಾರಿ ಇಳಿಯಲು ಕಲಿಯುವುದು ಇಂಥಲ್ಲಿ. ಒಬ್ಬಳು ರನ್‌ವೇ ಬಿಟ್ಟು ಟ್ಯಾಕ್ಸಿವೇ ಕಡೆ ತಪ್ಪಾಗಿ ತಿರುಗಿ, ತಾನೇ ತಿದ್ದಿಕೊಂಡು, ಹೆದರುತ್ತ ಹೆದರುತ್ತ ಮೊದಲ ವರದಿ ಬರೆದಳೆನ್ನಿ. ಅವಳಿಗೆ ಎರಡು ಸಾಲಿನ ಉತ್ತರ ಬೇಗ ಹೋಗಬೇಕು: ವರದಿ ತಲುಪಿತು, ಆ ತಿರುವಿನ ಗೆರೆಗಳು ಮಾಸಿದ್ದವು, ಮತ್ತೆ ಬಳಿಸಲು ಹೇಳಿದ್ದೇವೆ. ಬಳಿದಾದ ಮೇಲೆ ಇನ್ನೊಂದು ಸಾಲು. ಅವಳು ಮುಂದೆ ಇನ್ನೂರು ಜನರನ್ನು ಕೂರಿಸಿಕೊಂಡು ಹಾರುವಾಗಲೂ ಬರೆಯುತ್ತಾಳೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಉತ್ತರ ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆ ನಿಂತಿರುತ್ತದೆ.