ನೀರೆರೆಯುವವರ ಕಥೆ

ನವೋಮಿ ನೋವಿಕ್ ಅವರ ‘ಅಪ್‌ರೂಟೆಡ್’ (2015) ಕಾದಂಬರಿಯಲ್ಲಿ ಅಗ್ನಿಯೆಶ್ಕಾ ಎಂಬ ಹಳ್ಳಿ ಹುಡುಗಿ ಮಾಂತ್ರಿಕನ ಗೋಪುರದಲ್ಲಿ ವಿದ್ಯೆ ಕಲಿತು, ಊರುಗಳನ್ನೇ ನುಂಗುವ ಕಾಡಿಗೆ ಎದುರು ನಿಲ್ಲುತ್ತಾಳೆ. ನೆಬ್ಯುಲಾ ಪ್ರಶಸ್ತಿ ಪಡೆದ ಪುಸ್ತಕ, ಓದಿಸಿಕೊಂಡು ಹೋಗುತ್ತದೆ. ಆದರೆ ನಮ್ಮ ಕಡೆಯ ಅಜ್ಜಿಯರು ಹೇಳುತ್ತ ಬಂದ ಹೂವಿನ ಮರದ ಹುಡುಗಿಯ ಕಥೆ ಇದಕ್ಕಿಂತ ಜಾಣತನದ್ದು ಎಂದೇ ನನ್ನ ಲೆಕ್ಕ.

ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಈ ಕನ್ನಡ ಕಥೆಯ ಹೆಸರನ್ನೇ, ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಕಥಾಸಂಕಲನಕ್ಕೆ ಇಟ್ಟರು. ಬಡ ತಾಯಿಯ ಕಿರಿ ಮಗಳಿಗೆ ಮರವಾಗುವ ವಿದ್ಯೆ ಗೊತ್ತು. ಯಾರು ಕಲಿಸಿದರೋ, ಕಥೆ ಹೇಳುವುದಿಲ್ಲ. ಕಲಿಯಬೇಕಾದವಳು ಅಕ್ಕ. ನೆಲ ಗುಡಿಸಿ ಸಾರಿಸಬೇಕು, ಎರಡು ಕೊಡ ನೀರು ತರಬೇಕು, ನೀರಿಗೆ ಉಗುರು ತಾಕಬಾರದು. ಒಂದು ಕೊಡ ಎರೆದರೆ ಹುಡುಗಿ ಮರ. ಎಲೆ ಹರಿಯದೆ, ಚಿಗುರು ಮುರಿಯದೆ ಹೂ ಬಿಡಿಸಬೇಕು. ಇನ್ನೊಂದು ಕೊಡ ಎರೆದರೆ ಮರ ಮತ್ತೆ ಹುಡುಗಿ.

ಹೂ ಅರಮನೆಗೆ ಹೋಗುತ್ತದೆ, ಹಿಂದೆಯೇ ಹುಡುಗಿಯೂ ಸೊಸೆಯಾಗಿ. ಒಂದು ದಿನ ಕಿರಿಯ ನಾದಿನಿ ಗೆಳತಿಯರ ಜೊತೆ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗೆಂದು ಕಾಡುತ್ತಾಳೆ. ಹೂವಿನ ಆಸೆಗೆ ಕೊಂಬೆಗಳೇ ಮುರಿಯುತ್ತವೆ. ಮಳೆ ಬಂತೆಂದು ಉಳಿದ ನೀರನ್ನು ಹೇಗೆ ಬೇಕೋ ಹಾಗೆ ಸುರಿದು ಎಲ್ಲರೂ ಓಡುತ್ತಾರೆ. ಕೈಕಾಲಿಲ್ಲದ ಅರೆದೇಹವಾಗಿ ಮೋರಿಯಲ್ಲಿ ನರಳುತ್ತಿದ್ದವಳನ್ನು ಎತ್ತಿಕೊಳ್ಳುವುದು ಹತ್ತಿ ಬಂಡಿಯವನು. (ಹತ್ತಿ ಬಂಡಿ ಅಂದ ಕೂಡಲೇ ಹುಬ್ಬಳ್ಳಿಯವರಿಗೆ ಕಥೆ ನಮ್ಮದೇ ಅನ್ನಿಸಿಬಿಡುತ್ತದೆ.) ಕೊನೆಗೆ ಗಂಡ ಮುರಿದ ಕೊಂಬೆಗಳನ್ನು ಜೋಡಿಸಿ ನೀರೆರೆಯುವುದನ್ನು ಕಲಿತಾಗಲೇ ಅವಳು ಹೆಣ್ಣಾಗುವುದು.

ನೋವಿಕ್‌ರ ಕಾಡಿಗೂ ಸಿಟ್ಟು ಬಂದದ್ದು ಮನುಷ್ಯರ ಕೊಡಲಿಯಿಂದಲೇ. ಆದರೂ ಅಲ್ಲಿ ಭಯ ಹುಟ್ಟಿಸುವುದು ಕಾಡು. ಇಲ್ಲಿ ಮರಕ್ಕೇ ಮನುಷ್ಯರ ಭಯ.

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ನಿಂತರೆ ಈ ಕಥೆಯ ಎರಡು ಕೊಡ ನೆನಪಾಗದೆ ಇರದು. ದಕ್ಷಿಣ ಅಮೆರಿಕದಿಂದ ಬಂದ, ನೇರಳೆ ಹೂವಿನ ಜಲಕಳೆ ಈ ಕೆರೆಯನ್ನು ಮತ್ತೆ ಮತ್ತೆ ಮುಚ್ಚಿದೆ. ಯಂತ್ರ ತಂದು ಕಿತ್ತರೂ ಅದು ಮರಳುತ್ತದೆ, ಏಕೆಂದರೆ ಅದಕ್ಕೆ ಮೇವು ಚರಂಡಿ ನೀರು. ಎರೆದದ್ದು ನಾವೇ.

ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು 1992ರಲ್ಲಿ ಇದೇ ಕಥೆಯನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು; ಚೆಲುವಿಯಾದವರು ಸೋನಾಲಿ ಕುಲಕರ್ಣಿ. ಕಾರ್ನಾಡರು ಅಜ್ಜಿಯರ ಮಂಗಳವನ್ನು ಒಪ್ಪಲಿಲ್ಲ. ಮುರಿದ ಕೊಂಬೆ ಹುಡುಕಿ ಹೋದರೆ ಅಲ್ಲಿ ಮರಗಳೇ ಉಳಿದಿಲ್ಲ. ಬಿಆರ್‌ಟಿಎಸ್ ಬಸ್ಸುಗಳಿಗಾಗಿ ಹುಬ್ಬಳ್ಳಿ–ಧಾರವಾಡ ರಸ್ತೆ ಅಗಲವಾದಾಗ ಉರುಳಿದ ಮರಗಳನ್ನು ಕಂಡವರಿಗೆ ಆ ಕೊನೆ ಅತಿಯೆನಿಸದು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಈ ಹೂಮರದ ಕಥೆಯನ್ನು ವಿಯೆನ್ನಾದಲ್ಲಿ ಒಪೆರಾ ಆಗಿಸಿದರು.

ಹೀಗೆ ಸಿನಿಮಾ ಆಯಿತು, ಒಪೆರಾ ಆಯಿತು. ಕನ್ನಡದಲ್ಲಿ ಇದನ್ನೊಂದು ದಪ್ಪ ಕಾದಂಬರಿಯಾಗಿ ಬೆಳೆಸುವ ಹುಡುಗಿ ಯಾರಾದರೂ ಇದ್ದರೆ ನನ್ನದೊಂದು ಬೇಡಿಕೆ: ಆ ನಾದಿನಿಯನ್ನು ಅಷ್ಟಕ್ಕೇ ಬಿಡಬೇಡವ್ವಾ. ತೋಟದಿಂದ ಒದ್ದೆಯಾಗಿ ಮನೆಗೆ ಬಂದವಳನ್ನು ಅಣ್ಣ ಏನು ಕೇಳಿದ, ಅವಳು ಏನು ಹೇಳಿದಳು, ಅಲ್ಲಿಂದ ಶುರು ಮಾಡು.