ಸಿನಿಮಾ ಓಡಿಸುವ ಡ್ರೈವ್‌ಗೆ ಖಾಲಿ ಡಿಸ್ಕ್ ಮಾತ್ರ ಕಾಣದಿದ್ದರೆ

ಸಿನಿಮಾ ಡಿವಿಡಿ ಹಾಕಿದರೆ ಸರಾಗವಾಗಿ ಓಡುತ್ತದೆ. ಅದೇ ಡ್ರೈವ್‌ಗೆ ಹೊಸ ಖಾಲಿ ಡಿಸ್ಕ್ ಹಾಕಿ ಡಬಲ್ ಕ್ಲಿಕ್ ಮಾಡಿದರೆ ‘ಡಿಸ್ಕ್ ಹಾಕಿ’ ಎನ್ನುತ್ತದೆ, ಇಲ್ಲವೇ ‘ಇನ್‌ಕರೆಕ್ಟ್ ಫಂಕ್ಷನ್’ ಎಂದು ಮುಖ ತಿರುಗಿಸುತ್ತದೆ. ಟ್ರೇ ಹೊರಗೆ ಬಂದಾಗ ನೋಡಿದರೆ ಡಿಸ್ಕ್ ಅಲ್ಲೇ ಕೂತಿದೆ. ಪೆನ್‌ಡ್ರೈವ್ ಕಾಲದಲ್ಲೂ ಡಿಸ್ಕ್ ಬರೆಯುವವರು ಮುಗಿದಿಲ್ಲ: ಮದುವೆ ವಿಡಿಯೊ ಕೊಡುವ ಸ್ಟುಡಿಯೊದವರು, ಎಂಆರ್‌ಐ ಚಿತ್ರಗಳನ್ನು ಸಿಡಿಗೆ ಹಾಕಿಕೊಡುವ ಸ್ಕ್ಯಾನಿಂಗ್ ಸೆಂಟರ್‌ನವರು, ಸಿಸಿಟಿವಿ ದೃಶ್ಯವನ್ನು ಕೋರ್ಟಿಗೆ ಸಲ್ಲಿಸಬೇಕಾದ ವಕೀಲರು. ಇವರಲ್ಲಿ ಹಲವರು ‘ಸಿನಿಮಾ ಓಡುತ್ತಿದೆಯಲ್ಲ, ಡ್ರೈವ್ ಚೆನ್ನಾಗಿಯೇ ಇದೆ, ತಪ್ಪೆಲ್ಲ ವಿಂಡೋಸ್‌ನದು’ ಎಂದುಕೊಂಡು ನೇರ ಅದರ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಗೆ ಕೈಹಾಕುತ್ತಾರೆ. ದಾರಿ ತಪ್ಪುವುದು ಇಲ್ಲೇ. ಬರೆದದ್ದನ್ನು ಓದುವುದು ಒಂದು ಕೆಲಸ, ಖಾಲಿ ಡಿಸ್ಕನ್ನು ಗುರುತಿಸುವುದು ಇನ್ನೊಂದು. ಮೊದಲನೆಯದು ಬರುತ್ತದೆ ಎಂದಮಾತ್ರಕ್ಕೆ ಎರಡನೆಯದೂ ಬರುತ್ತದೆ ಎನ್ನುವ ಹಾಗಿಲ್ಲ.

ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿನಲ್ಲಿ ಮಾಹಿತಿ ಸಣ್ಣ ಕುಳಿಗಳಾಗಿ ಕೂತಿರುತ್ತದೆ. ಅದರ ಮೇಲಿನ ಲೋಹದ ಪದರದಿಂದ ಲೇಸರ್ ಬೆಳಕು ಧಾರಾಳವಾಗಿ ವಾಪಸ್ ಬರುತ್ತದೆ. ಖಾಲಿ ಡಿಸ್ಕಿನಲ್ಲಿ ಕುಳಿಗಳಿಲ್ಲ. ಹಾಗೆಂದು ಅದು ಪೂರ್ತಿ ಖಾಲಿಯೂ ಅಲ್ಲ. ಉತ್ತು ಬಿತ್ತದೆ ಬಿಟ್ಟ ಹೊಲದ ಹಾಗೆ. ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತುವ ಒಂದು ಗ್ರೂವ್ ಅದರಲ್ಲಿ ಮೊದಲೇ ಇರುತ್ತದೆ. ಸಿಡಿಯಲ್ಲಿ ಸುರುಳಿಯ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ 1.6 ಮೈಕ್ರಾನ್ ಅಂತರ, ಡಿವಿಡಿಯಲ್ಲಿ 0.74 ಮೈಕ್ರಾನ್. ಈ ಗ್ರೂವ್ ನೇರವಾಗಿ ಸಾಗದೆ ಅತಿ ಸೂಕ್ಷ್ಮವಾಗಿ ಅತ್ತಿತ್ತ ತೊನೆಯುತ್ತದೆ. ಸಿಡಿ-ಆರ್‌ನಲ್ಲಿ ಡಿಸ್ಕಿನ ಜಾತಕವೆಲ್ಲ ಆ ತೊನೆದಾಟದಲ್ಲೇ ಅಡಗಿದೆ: ತಯಾರಿಸಿದವರು ಯಾರು, ಎಷ್ಟು ನಿಮಿಷ ಹಿಡಿಯುತ್ತದೆ, ಬರೆಯಲು ಲೇಸರ್‌ಗೆ ಅಂದಾಜು ಎಷ್ಟು ಶಕ್ತಿ ಬೇಕು. ಡಿವಿಡಿ+ಆರ್‌ನದೂ ಹೆಚ್ಚುಕಡಿಮೆ ಇದೇ ಪದ್ಧತಿ. ಡಿವಿಡಿ-ಆರ್‌ನಲ್ಲಿ ಗ್ರೂವ್‌ಗಳ ನಡುವಿನ ದಿಣ್ಣೆಯ ಮೇಲೆ ಇದಕ್ಕೆಂದೇ ಪುಟ್ಟ ಗುರುತುಗಳಿರುತ್ತವೆ.

ಡ್ರೈವ್ ಮೊದಲು ಈ ಮಂದವಾದ ಸಂಕೇತವನ್ನು ಹಿಡಿಯಬೇಕು. ಆಮೇಲೆ ತನ್ನೊಳಗಿನ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿರುವ ಪಟ್ಟಿಯೊಂದಿಗೆ ತಾಳೆ ನೋಡಿ, ಇಂಥ ಡಿಸ್ಕಿಗೆ ಇಂಥ ರೀತಿಯಲ್ಲಿ ಬರೆಯಬೇಕು ಎಂದು ತೀರ್ಮಾನಿಸಬೇಕು. ಅಚ್ಚೊತ್ತಿದ ಸಿಡಿ ಸುಮಾರು 70 ಪ್ರತಿಶತ ಬೆಳಕನ್ನು ಹಿಂದಿರುಗಿಸಿದರೆ ಸಿಡಿ-ಆರ್‌ಡಬ್ಲ್ಯು ಹಿಂದಿರುಗಿಸುವುದು 15ರಿಂದ 25 ಪ್ರತಿಶತ ಅಷ್ಟೆ. ಲೆನ್ಸ್ ಮೇಲೆ ಒಂದಿಷ್ಟು ದೂಳು ಕೂತಿದ್ದರೂ ಸಿನಿಮಾ ಹೇಗೋ ಓಡಿಬಿಡುತ್ತದೆ, ಏಕೆಂದರೆ ಅಲ್ಲಿ ತಪ್ಪು ತಿದ್ದುವ ವ್ಯವಸ್ಥೆಯೂ ನೆರವಿಗಿರುತ್ತದೆ. ಖಾಲಿ ಡಿಸ್ಕಿಗೆ ಆ ರಿಯಾಯಿತಿ ಇಲ್ಲ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಸಿಡಿಗೆ ಬೇಕಾದದ್ದು 780 ನ್ಯಾನೊಮೀಟರ್‌ನ ಲೇಸರ್, ಡಿವಿಡಿಗೆ 650. ಅಂದರೆ ಒಂದೇ ಡ್ರೈವ್‌ನೊಳಗೆ ಎರಡು ಲೇಸರ್‌ಗಳಿವೆ, ಮತ್ತು ಒಂದು ಸತ್ತರೆ ಇನ್ನೊಂದು ಬದುಕಿರಬಹುದು. ಆದ್ದರಿಂದ ನಾಲ್ಕು ಡಿಸ್ಕ್ ಕೈಯಲ್ಲಿಟ್ಟುಕೊಂಡು ಪರೀಕ್ಷೆ ಶುರುಮಾಡುವುದು ಒಳ್ಳೆಯದು: ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿ, ಸಿನಿಮಾ ಡಿವಿಡಿ, ಖಾಲಿ ಸಿಡಿ, ಖಾಲಿ ಡಿವಿಡಿ. ಎರಡು ಸಿಡಿಗಳೂ ನಡೆದು ಎರಡು ಡಿವಿಡಿಗಳೂ ಕೈಕೊಟ್ಟರೆ ಡಿವಿಡಿ ಲೇಸರ್ ಹೋಗಿದೆ ಎಂದೇ ಲೆಕ್ಕ. ಅಚ್ಚಿನವು ಎರಡೂ ನಡೆದು ಖಾಲಿಯವು ಎರಡೂ ಕೈಕೊಟ್ಟರೆ ಲೆನ್ಸ್ ಕೊಳೆಯಾಗಿರಬೇಕು, ಇಲ್ಲವೇ ಲೇಸರ್ ಸೊರಗುತ್ತಿರಬೇಕು. ಖಾಲಿ ಡಿವಿಡಿ ಒಂದೇ ಕೈಕೊಟ್ಟರೆ ಡ್ರೈವ್‌ನ ಮುಖದ ಮೇಲಿನ ಲೋಗೋ ಓದಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ‘ಕಾಂಬೊ’ ಡ್ರೈವ್‌ಗಳಿದ್ದವು; ಅವು ಡಿವಿಡಿ ಓದುತ್ತವೆ, ಬರೆಯುವುದು ಮಾತ್ರ ಸಿಡಿಯನ್ನು. ಡ್ಯುಯಲ್ ಲೇಯರ್ ಡಿಸ್ಕನ್ನು, ಅಂದರೆ 8.5 ಜಿಬಿಯದನ್ನು, ತೀರಾ ಹಳೆಯ ಡ್ರೈವ್‌ಗಳು ಒಪ್ಪುವುದಿಲ್ಲ. ಬ್ಲೂ-ರೇ ಡಿಸ್ಕನ್ನಂತೂ ಯಾವ ಡಿವಿಡಿ ಡ್ರೈವೂ ಮುಟ್ಟುವುದಿಲ್ಲ.

ಡಿಸ್ಕ್ ಹಾಕಿದ ಮೇಲೆ ಡ್ರೈವ್‌ಗೆ ಸ್ವಲ್ಪ ಕಿವಿಗೊಡಿ. ಸರಿಯಿದ್ದರೆ ಒಮ್ಮೆ ವೇಗ ಏರಿ, ಹದಕ್ಕೆ ಬಂದು, ದೀಪ ಆರುತ್ತದೆ. ತಿರುಗಿ, ಟಿಕ್ ಟಿಕ್ ಎಂದು, ನಿಂತು, ಮತ್ತೆ ತಿರುಗಿ ಕೊನೆಗೆ ಸುಮ್ಮನಾದರೆ ಲೆನ್ಸ್ ಗ್ರೂವ್‌ಗಾಗಿ ತಡಕಾಡಿ ಸೋತಿದೆ ಎಂದರ್ಥ. ಲ್ಯಾಪ್‌ಟಾಪ್‌ನ ತೆಳು ಡ್ರೈವ್‌ನಲ್ಲಾದರೆ ಡಿಸ್ಕನ್ನು ನಡುವಿನ ಗುಬ್ಬಿಗೆ ‘ಕ್ಲಿಕ್’ ಎನ್ನುವವರೆಗೆ ಒತ್ತಿದ್ದೀರಾ ನೋಡಿ. ಸುಮ್ಮನೆ ಇಟ್ಟು ತಳ್ಳಿದರೆ ಡಿಸ್ಕ್ ಓರೆಯಾಗಿ ತಿರುಗುತ್ತದೆ. 50ರ ಡಬ್ಬಿಯಲ್ಲಿ ಡಿಸ್ಕ್‌ಗಳ ಮೇಲೆ ರಕ್ಷಣೆಗೆಂದು ಇಡುವ ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆಯನ್ನೇ ಡಿಸ್ಕ್ ಎಂದು ಹಾಕಿ ತಲೆಕೆಡಿಸಿಕೊಂಡವರೂ ಇದ್ದಾರೆ. ನಗಬೇಡಿ, ಅವಸರದಲ್ಲಿ ಯಾರಿಗೂ ಆಗಬಹುದು.

ಮುಂದಿನ ಅನುಮಾನ ಡಿಸ್ಕಿನ ಮೇಲೇ ಬರಬೇಕು. ಬೇರೆ ಬ್ರ್ಯಾಂಡಿನದೊಂದನ್ನು ಹಾಕಿ ನೋಡುವುದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ನಮ್ಮ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಮೋಸರ್ ಬೇರ್ ಡಿಸ್ಕ್‌ಗಳೇ ತುಂಬಿದ್ದವು. 1983ರಲ್ಲಿ ಶುರುವಾದ ಆ ಕಂಪನಿ 2018ರಲ್ಲಿ ಲಿಕ್ವಿಡೇಶನ್‌ಗೆ ಹೋಯಿತು. ಕಪಾಟಿನ ಮೂಲೆಯಲ್ಲಿ ಅದರ ಡಬ್ಬಿ ಸಿಕ್ಕಿದರೆ ಸೀಲ್ ಒಡೆಯದಿದ್ದರೂ ಅದು ಹಳೆಯ ಮಾಲೇ. ಬರೆಯದೆ ಇಟ್ಟ ಡಿಸ್ಕಿನಲ್ಲಿ ಬರಹ ಮೂಡುವ ಬಣ್ಣದ ಪದರವೂ ಬಿಸಿಲು, ಸೆಖೆ, ತೇವಕ್ಕೆ ಕೆಡುತ್ತದೆ. ಸಿಡಿಯಲ್ಲಿ ಆ ಪದರ ಲೇಬಲ್ ಬದಿಗೇ ಅಂಟಿಕೊಂಡಿರುವುದರಿಂದ ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದರೂ ಹಾಳು.

ಡ್ರೈವ್ ಏನನ್ನು ಕಾಣುತ್ತಿದೆ ಎಂದು ತಿಳಿಯಲು ವಿಂಡೋಸ್‌ನ ಎಕ್ಸ್‌ಪ್ಲೋರರ್ ನೆಚ್ಚಿಕೊಳ್ಳಬೇಡಿ. ಖಾಲಿ ಡಿಸ್ಕಿನಲ್ಲಿ ಫೈಲ್ ಸಿಸ್ಟಮ್ ಇರುವುದಿಲ್ಲ, ಹಾಗಾಗಿ ಡಿಸ್ಕ್ ಚೆನ್ನಾಗಿದ್ದರೂ ಅದು 0 ಬೈಟ್ ಎಂದು ತೋರಿಸಬಹುದು. ಇಮ್ಗ್‌ಬರ್ನ್‌ನಂಥ ಉಚಿತ ತಂತ್ರಾಂಶವನ್ನೋ ಲಿನಕ್ಸ್‌ನಲ್ಲಿ ಬ್ರಾಸೆರೋವನ್ನೋ ತೆರೆಯಿರಿ. ಡಿಸ್ಕಿನ ಜಾತಿ, ತಯಾರಕರ ಸಂಕೇತ, ‘ಎಂಪ್ಟಿ’ ಎಂಬ ಸ್ಥಿತಿ ಇಮ್ಗ್‌ಬರ್ನ್‌ನಲ್ಲಿ ಕಂಡರೆ ಡ್ರೈವ್ ತನ್ನ ಕೆಲಸ ಮಾಡಿದೆ. ತೊಂದರೆ ವಿಂಡೋಸ್‌ನ ಕಡೆಗಿದೆ. ಅಲ್ಲೂ ‘ಡಿಸ್ಕ್ ಇಲ್ಲ’ ಎಂದರೆ ವಿಂಡೋಸ್ ಮರುಸ್ಥಾಪಿಸಿ ಪ್ರಯೋಜನವಿಲ್ಲ.

ವಿಂಡೋಸ್‌ನದೇ ತೊಂದರೆಯಾದರೆ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಡ್ರೈವನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹಳೆಯ ಬರ್ನಿಂಗ್ ತಂತ್ರಾಂಶಗಳು ಬಿಟ್ಟುಹೋದ ‘ಅಪ್ಪರ್ ಫಿಲ್ಟರ್ಸ್’, ‘ಲೋಯರ್ ಫಿಲ್ಟರ್ಸ್’ ನಮೂದುಗಳನ್ನು ರಿಜಿಸ್ಟ್ರಿಯಿಂದ ತೆಗೆಯುವ ಉಪಾಯ, ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್ ಪಕ್ಕ ಹಳದಿ ತ್ರಿಕೋನ ಕಂಡಾಗಿನ ಮಾತು. ಕಚೇರಿಯ ಕಂಪ್ಯೂಟರ್ ಆದರೆ ಸಿಸ್ಟಮ್ ಅಡ್ಮಿನ್‌ರನ್ನು ಕೇಳಿ. ಡಿಸ್ಕ್ ಬರೆಯುವ ಸೌಲಭ್ಯವನ್ನು ಅವರೇ ಬಂದ್ ಮಾಡಿಸಿರಬಹುದು.

ಯುಎಸ್‌ಬಿ ಡ್ರೈವ್ ಆದರೆ ಕರೆಂಟಿನ ಕಡೆಗೂ ಗಮನ ಬೇಕು. ಯುಎಸ್‌ಬಿ 2 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪ್. ಡಿಸ್ಕ್ ತಿರುಗಿಸುವ ಮೋಟಾರು, ಬರೆಯುವ ಲೇಸರ್ ಎರಡಕ್ಕೂ ಅದು ಸಾಲದೆ ಡ್ರೈವ್ ಮಧ್ಯದಲ್ಲೇ ಮಾಯವಾಗಬಹುದು. ಹಬ್ ಬಿಟ್ಟು ನೇರ ಕಂಪ್ಯೂಟರಿಗೇ, ಸಾಧ್ಯವಿದ್ದರೆ ಎರಡು ಪೋರ್ಟಿನಿಂದ ಕರೆಂಟ್ ಎಳೆಯುವ ಕೇಬಲ್‌ನಲ್ಲಿ ಜೋಡಿಸಿ.

ಲೆನ್ಸ್ ಒರೆಸುವುದು ಲ್ಯಾಪ್‌ಟಾಪ್ ಡ್ರೈವ್‌ನಲ್ಲಿ ಸುಲಭ. ಟ್ರೇ ಜೊತೆಗೇ ಅದೂ ಹೊರಬರುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಹತ್ತಿಕಡ್ಡಿಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತೇವ ತಾಗಿದಷ್ಟೇ ಹಚ್ಚಿ, ಭಾರ ಬಿಡದೆ ಸವರಬೇಕು. ಲೆನ್ಸ್ ನಿಂತಿರುವುದು ಕೂದಲೆಳೆಯಂಥ ತಂತಿಗಳ ಮೇಲೆ, ಒತ್ತಿದರೆ ವಾಲಿಬಿಡುತ್ತದೆ. ಅಂಗಿಯ ತುದಿ, ಬಾಯಿಂದ ಊದುವುದು ಎರಡೂ ಬೇಡ. ಡೆಸ್ಕ್‌ಟಾಪ್ ಡ್ರೈವ್‌ಗೆ ಸಣ್ಣ ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್ ಸಿಗುತ್ತದೆ.

ಇಷ್ಟಾದರೂ ಖಾಲಿ ಡಿಸ್ಕ್ ಕಾಣದಿದ್ದರೆ ಲೇಸರ್ ಸೊರಗಿರಬೇಕು. ಅದನ್ನು ರಿಪೇರಿ ಮಾಡಿಸುವುದು ದುಡ್ಡು ದಂಡ, ಹೊಸ ಡ್ರೈವ್ ತರುವುದೇ ವಾಸಿ. ಹಳೆಯದನ್ನು ಮಾತ್ರ ಗುಜರಿಗೆ ಹಾಕಬೇಡಿ. ಬರೆಯಲಾಗದ ಡ್ರೈವ್ ಇನ್ನೂ ಓದಬಲ್ಲದು. ಮೂಲ ಡಿಸ್ಕನ್ನು ಹಳೆಯದರಲ್ಲಿ ಓದಿಸಿ, ಪ್ರತಿಯನ್ನು ಹೊಸದರಲ್ಲಿ ಬರೆಸಿದರೆ ಹೊಸ ಲೇಸರ್‌ನ ಓದುವ ದುಡಿಮೆ ಉಳಿಯುತ್ತದೆ.